ಗೋದಲಿಯಲ್ಲಿ ಮಗುವಿಲ್ಲ

ಜೂಲಿಯೆಟ್ ಬಾಯಿ ಹೇಳಿದ್ದು ರಾಗಿ ಪೈರಿಗೆ ನೀರು ಚಿಮುಕಿಸಲು ಮಾತ್ರ. ಕಸ ತೆಗೆಯಲು ಯಾರೂ ಹೇಳಿರಲಿಲ್ಲ. ಆದರೆ ಅಣ್ಣುವಿನದು ಸುಮ್ಮನಿರುವ ಕೈಯಲ್ಲ.

ದೋಹಾದ ಬಿನ್ ಮಹಮೂದ್ ಬಡಾವಣೆಯ ಆ ಹಳೆಯ ಕಟ್ಟಡದಲ್ಲಿ ಇಬ್ಬರದೂ ಎದುರುಬದುರು ಬಾಗಿಲು. ಅಣ್ಣು ಅಲ್ ಸದ್ ಬಡಾವಣೆಯ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್. ಹೆಂಡತಿ ರಜೆಗೆಂದು ಊರಿಗೆ ಹೋಗಿದ್ದಳು. ಜೂಲಿಯೆಟ್ ಬಾಯಿ ನರ್ಸ್, ಅವರ ಗಂಡ ಹಡಗಿನಲ್ಲಿ. ಈ ಸಲ ಕ್ರಿಸ್ಮಸ್‌ನ ಹಿಂದಿನ ದಿನ ಶುಕ್ರವಾರ ಬಂದಿತ್ತು. ಅಣ್ಣುವಿಗೆ ರಜೆ, ಬಾಯಿಗೆ ಡ್ಯೂಟಿ. ಬೆಳಿಗ್ಗೆ ಕೀಲಿಕೈ ಹಿಡಿದುಕೊಂಡು ಬಂದರು.

"ಗೋದಲಿಯ ಸುತ್ತ ರಾಗಿ ಮೊಳಕೆ ಬರಿಸಿದ್ದೇನೆ ಅಣ್ಣು, ಏಸಿ ಗಾಳಿಗೆ ಬಾಡ್ತದೆ. ಮಧ್ಯಾಹ್ನ ಒಂಚೂರು ನೀರು ಚಿಮುಕಿಸ್ತೀರಾ? ಬೇರೆ ಎಂತದೂ ಮುಟ್ಬೇಡಿ ಆಯ್ತಾ. ಗೊಂಬೆಗಳೆಲ್ಲ ನಮ್ಮ ಅಜ್ಜಿಯ ಕಾಲದ್ದು."

"ಚಿಂತೆಯೇ ಬೇಡ ಬಾಯಿ. ನಮ್ಮ ಮನೆಯದ್ದು ಅಂತಲೇ ನೋಡ್ಕೊಳ್ತೇನೆ."

ಅಣ್ಣು ತನ್ನ ಮನೆಯದನ್ನು ಹೇಗೆ ನೋಡಿಕೊಳ್ಳುತ್ತಾನೆಂದು ಅವನ ಹೆಂಡತಿಯನ್ನು ಕೇಳಬೇಕಿತ್ತು.

ಮಧ್ಯಾಹ್ನ ಬಾಗಿಲು ತೆರೆದು ನೋಡಿದರೆ ಕ್ರಿಸ್ಮಸ್ ಗೊಂಬೆಗಳ ಕೊಟ್ಟಿಗೆಯಾದ ಗೋದಲಿಯ ಮುಂದೆ ನೆಲದ ಮೇಲೆಲ್ಲ ಒಣಹುಲ್ಲು. ಹಬ್ಬದ ಮನೆ ಹೀಗಿರಬಹುದೇ? ಮೂಲೆಯಲ್ಲಿದ್ದ ವ್ಯಾಕ್ಯೂಮ್ ಕ್ಲೀನರ್ ಎಳೆದು ತಂದು, ನೆಲ ಮುಗಿಸಿ, ಉತ್ಸಾಹ ಉಳಿದದ್ದಕ್ಕೆ ಗೋದಲಿಯ ಒಳಗೂ ಒಂದು ಸುತ್ತು ಹಾಯಿಸಿದ. ಏನೋ ಟಣ್ಣೆಂದು ಪೈಪಿನೊಳಗೆ ಹೋಯಿತು. ಕಲ್ಲಿರಬೇಕು ಎಂದುಕೊಂಡ. ಧೂಳಿನ ಚೀಲವನ್ನು ಕೆಳಗೆ ಬೀದಿಯ ದೊಡ್ಡ ಕಸದ ಡಬ್ಬಕ್ಕೆ ಎಸೆದು ಬಂದು, ಪೈರಿಗೆ ನೀರು ಚಿಮುಕಿಸುತ್ತಾ, ಆಗ ಮೊದಲ ಸಲ ಗೋದಲಿಯನ್ನು ಸರಿಯಾಗಿ ನೋಡಿದ.

ಮೇರಿಯಮ್ಮ ಮೊಣಕಾಲೂರಿದ್ದಳು. ಪಕ್ಕದಲ್ಲಿ ಕೋಲು ಹಿಡಿದ ಜೋಸೆಫ್. ಹಸು, ಕತ್ತೆ, ಕುರಿಗಳು, ಕುರುಬರು. ಎಲ್ಲರೂ ಕತ್ತು ಬಗ್ಗಿಸಿ ನಡುವೆ ಇದ್ದ ಹುಲ್ಲಿನ ತೊಟ್ಟಿಲನ್ನೇ ನೋಡುತ್ತಿದ್ದರು. ತೊಟ್ಟಿಲು ಖಾಲಿ.

ಅಣ್ಣು ತೊಟ್ಟಿಲಿನ ಹುಲ್ಲನ್ನು ಬೆರಳಿನಿಂದ ಕೆದಕಿ ನೋಡಿದ. ಕಳೆದ ವರ್ಷ ಕ್ರಿಸ್ಮಸ್ ತಿಂಡಿ ಕುಸ್ವಾರ್ ತಿನ್ನಲು ಬಂದಾಗ ಅಲ್ಲೊಂದು ಮಗು ಮಲಗಿದ್ದನ್ನು ಅವನೇ ಕಂಡಿದ್ದ. ಹೆಬ್ಬೆರಳಿನಷ್ಟೇ ಇತ್ತು, ಒಂದು ಕೈ ಮೇಲೆತ್ತಿತ್ತು. ಆ ಟಣ್ಣೆಂದ ಸದ್ದು ಮತ್ತೆ ಕಿವಿಯೊಳಗೆ ಕೇಳಿಸಿತು. ಮೂರು ತಲೆಮಾರಿನ ದೇವರನ್ನು ಹಬ್ಬದ ಮುನ್ನಾದಿನವೇ ತಾನು ಕಸಕ್ಕೆ ಹಾಕಿದ್ದ!

ಜುಮ್ಮಾ ನಮಾಜು ಮುಗಿಸಿ ಕೆಳಗಿನ ದಿನಸಿ ಅಂಗಡಿ ತೆರೆಯಲು ಬಂದ ಇಬ್ರಾಹಿಂ ಕಾಕ ಕಂಡದ್ದು ಕಸದ ಡಬ್ಬದಿಂದ ಹೊರಗೆ ಚಾಚಿದ ಎರಡು ಕಾಲುಗಳನ್ನು.

"ಯಾರದು? ಅಣ್ಣುವಾ? ಎಂತ ಮಾರಾಯ, ಕೆಲಸ ಖಲಾಸಾ?"

"ಕೆಲಸ ಅಲ್ಲ ಕಾಕ, ನಾನೇ ಖಲಾಸ್! ಬಾಯಿಯ ಮನೆಯ ಬಾಲಯೇಸು ಇದರೊಳಗೆ ಉಂಟು!"

ಕಾಕನ ಮುಖದಿಂದ ನಗು ಇಳಿಯಿತು. ಬಿಳಿ ಅಂಗಿಯ ತೋಳು ಮಡಚಿ ಒಂದು ಕೋಲು ಹಿಡಿದು ತಾವೂ ನಿಂತರು. ಅಷ್ಟರಲ್ಲಿ ಮೇಲಿನ ಬಾಲ್ಕನಿಯಿಂದ ಪೂವಕ್ಕನ ಕೂಗು ಕೇಳಿಸಿತು. ಕಟ್ಟಡದಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಅವರಿಗೆ ಮೊದಲು ತಿಳಿಯುತ್ತಿತ್ತು.

"ಅಯ್ಯಯ್ಯೋ, ಮಗು ಕಸದಲ್ಲಿ ಬಿದ್ದಿದ್ಯಾ? ಯಾರ ಮಗು? ಪೊಲೀಸರಿಗೆ ಫೋನ್ ಮಾಡಿ!"

"ದೇವರ ಮಗು ಪೂವಕ್ಕ, ನೀವು ಸುಮ್ಮನಿರಿ!" ಎಂದ ಅಣ್ಣು. ಪೂವಕ್ಕ ಸುಮ್ಮನಿರಲಿಲ್ಲ, ಇಳಿದೇ ಬಂದರು.

ಚೀಲ ಸಿಕ್ಕಿತು. ಧೂಳನ್ನು ಪೇಪರಿನ ಮೇಲೆ ಹರಡಿ ಮೂವರೂ ಸುತ್ತ ಕೂತು ಹುಡುಕಿದರು. ಟಣ್ಣೆಂದದ್ದು ಒಂದು ಅಂಗಿಯ ಗುಂಡಿ. ಮಗು ಮಾತ್ರ ಇಲ್ಲ.

"ಈ ಮಗುವಿನ ಹಣೆಬರಹವೇ ಹೀಗೆ," ಎಂದರು ಕಾಕ ಮೆಲ್ಲಗೆ. "ನಮ್ಮ ಕಿತಾಬಿನಲ್ಲಿಯೂ ಉಂಟು. ಮರ್ಯಂ ಬೀವಿ ಊರು ಬಿಟ್ಟು ಒಬ್ಬಳೇ ಹೋದದ್ದು. ನೋವು ಬಂದಾಗ ಹಿಡಿಯಲಿಕ್ಕೆ ಒಂದು ಕೈ ಇಲ್ಲ. ಖರ್ಜೂರದ ಮರವನ್ನೇ ಹಿಡಿದಳು. ಆ ಮರ ಅಲುಗಿಸಿದಾಗ ಹಣ್ಣು ಉದುರಿತು ನೋಡು."

ಪಾರ್ಕಿಂಗ್ ಪಕ್ಕದಲ್ಲೇ ಒಂದು ಖರ್ಜೂರದ ಮರವಿತ್ತು. ವರ್ಷಗಟ್ಟಲೆ ಅಣ್ಣು ಅದರ ನೆರಳಿಗೆ ಕಾರು ನಿಲ್ಲಿಸಿದ್ದ, ತಲೆ ಎತ್ತಿ ನೋಡಿರಲಿಲ್ಲ. ಭುಜದ ಮೇಲೆ ಬಾಳೆಹಣ್ಣಿನ ಸಿಪ್ಪೆ ಹೊತ್ತುಕೊಂಡೇ ಈಗ ನೋಡಿದ.

"ಬಾಯಿ ಹೇಳಿದ್ದು ಬೇರೆ," ಎಂದ. "ಊರಿಡೀ ಅಲೆದರೂ ಅವರಿಗೆ ಜಾಗ ಸಿಗಲಿಲ್ಲವಂತೆ. ಕೊನೆಗೆ ದನದ ಕೊಟ್ಟಿಗೆ, ಮೇವು ಹಾಕುವಲ್ಲೇ ಮಲಗಿಸಿದ್ದು. ಅಲ್ಲಿಯ ಅರಸ ಮಗುವನ್ನು ಕೊಲ್ಲಲಿಕ್ಕೆ ಜನ ಕಳಿಸಿದನಂತೆ."

ಹೊಸದಾಗಿ ದೋಹಾಕ್ಕೆ ಬಂದಾಗ ಬ್ಯಾಚುಲರಿಗೆ ಮನೆ ಕೊಡುವುದಿಲ್ಲ ಎಂದು ಎಷ್ಟು ಬಾಗಿಲು ಮುಚ್ಚಿದ್ದವು ಎಂದು ಅಣ್ಣುವಿಗೆ ನೆನಪಾಯಿತು. ದೇವರಿಗೂ ಹಾಗೇ ಆಗಿತ್ತೇ?

ಪೂವಕ್ಕ ಕಣ್ಣರಳಿಸಿದರು. "ಕೊಲ್ಲಲಿಕ್ಕೆ ಹೊರಟ ಅರಸನಾ? ಇದು ನಮ್ಮ ಕಂಸನ ಹಾಗೆಯೇ ಆಯ್ತಲ್ಲ ಮಾರಾಯ! ನಮ್ಮವನು ಹುಟ್ಟಿದ್ದು ಜೈಲಿನಲ್ಲಿ. ಏಳು, ನನ್ನ ದೇವರ ಕೋಣೆಯಲ್ಲಿ ಬಾಲಕೃಷ್ಣ ಇದ್ದಾನೆ. ಇವತ್ತೊಂದು ದಿನ ಅವನೇ ಮಲಗಲಿ."

ಬೇಡವೆನ್ನಲು ಅಣ್ಣುವಿಗೆ ಶಕ್ತಿಯಿರಲಿಲ್ಲ. ಹೀಗೆ ಬೆಣ್ಣೆಯುಂಡೆ ಹಿಡಿದ ಅಂಬೆಗಾಲಿನ ಕೃಷ್ಣ ಹುಲ್ಲಿನ ತೊಟ್ಟಿಲು ಸೇರಿದ. ಕಾಕ ಅಂಗಡಿಯಿಂದ ನಾಲ್ಕು ಖರ್ಜೂರ ತಂದು ಮುಂದಿಟ್ಟರು.

ಸಂಜೆ ಮೂವರೂ ಗೋದಲಿಯ ಬಳಿ ಕಾದು ನಿಂತಿದ್ದಾಗ ಜೂಲಿಯೆಟ್ ಬಾಯಿ ಬಂದು ನೋಡಿ ಕೈಚೀಲ ಹಾಗೇ ನೆಲಕ್ಕಿಟ್ಟರು. ಅಣ್ಣು ಮುಚ್ಚಿಡದೆ ಎಲ್ಲ ಒಪ್ಪಿಸಿದ. ವ್ಯಾಕ್ಯೂಮ್, ಟಣ್, ಕಸದ ಡಬ್ಬ, ಗುಂಡಿ. "ಏನು ಶಿಕ್ಷೆ ಬೇಕಾದ್ರೂ ಕೊಡಿ ಬಾಯಿ," ಎನ್ನುವಾಗ ಅಳುವುದೊಂದು ಬಾಕಿ.

ಬಾಯಿ ಸೋಫಾದಲ್ಲಿ ಕುಸಿದು ಕೂತರು. "ಅಣ್ಣು, ಮಗು ಇನ್ನೂ ಹುಟ್ಟಿಯೇ ಇಲ್ಲ ಮಾರಾಯ್ರೆ!"

ಮೂವರೂ ತಿರುಗಿ ತೊಟ್ಟಿಲನ್ನು ನೋಡಿದರು.

"ತೊಟ್ಟಿಲು ಇವತ್ತಿನವರೆಗೆ ಖಾಲಿಯೇ ಇರಬೇಕು. ನಾವು ಕಾಯುದು ಅಂದ್ರೆ ಅದೇ. ಬರುವವನಿಗೆ ಜಾಗ ಇಟ್ಟು ಕಾಯುದು. ಮಗು ಅಲ್ ವಕ್ರಾದಲ್ಲಿ ನನ್ನ ತಂಗಿ ಫ್ರೀಡಾಳ ಮನೆಯಲ್ಲಿ ಉಂಟು."

ಹೇಳುತ್ತಿದ್ದಂತೆ ಫ್ರೀಡಾ ಬಂದಳು. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದಳು. ಹತ್ತಿಯ ನಡುವೆ, ಒಂದು ಕೈ ಮೇಲೆತ್ತಿಕೊಂಡು, ಅದೇ ಹೆಬ್ಬೆರಳಿನಷ್ಟು ಮಗು!

ಬಾಯಿ ಕೃಷ್ಣನನ್ನು ಎರಡೂ ಕೈಯಲ್ಲಿ ಎತ್ತಿ ಶೋಕೇಸಿನ ಮೇಲೆ ಕೂರಿಸಿದರು. "ಇವನು ನೆಂಟ, ಹಬ್ಬ ನೋಡಲಿ," ಎಂದರು. ಮತ್ತೆ ಅಣ್ಣುವಿನ ಕಡೆ ತಿರುಗಿದರು. "ಚರ್ಚಿಗೆ ಹೊರಡುವ ಮೊದಲು ನಾವು ಮಗುವನ್ನು ಮಲಗಿಸುದು. ಈ ಸಲ ನೀವೇ ಮಲಗಿಸಿ. ನಾವು ಕೂತಲ್ಲೇ ಕಾದೆವು, ನೀವು ಕಸದೊಳಗೆ ಇಳಿದು ಹುಡುಕಿದ್ರಿ."

ಅಣ್ಣು ಕೈಕಾಲು ತೊಳೆದು ಬಂದ. ಅಂಗೈಯಲ್ಲಿ ಮಗುವಿಗೆ ಭಾರವೇ ಇರಲಿಲ್ಲ. ಉಸಿರು ಹಿಡಿದು ಹುಲ್ಲಿನ ಮೇಲೆ ಮಲಗಿಸಿದ. ಬಾಯಿ ದೀಪ ಹಾಕಿದರು. ಇಷ್ಟು ದಿನ ಖಾಲಿ ಜಾಗವನ್ನು ನೋಡುತ್ತಿದ್ದ ಹಸು, ಕತ್ತೆ, ಕುರುಬರೆಲ್ಲ ಈಗ ಮಗುವನ್ನು ನೋಡುತ್ತಿದ್ದರು. ಕಾಕ ಟೋಪಿ ಸರಿಮಾಡಿಕೊಂಡರು, ಪೂವಕ್ಕ ಕೈಮುಗಿದರು. ಎಲ್ಲೂ ಜಾಗ ಸಿಗದವನಿಗೆ ತನ್ನ ಕೈಯಿಂದ ಜಾಗ ಸಿಕ್ಕಿತಲ್ಲ ಎಂದು ಅಣ್ಣುವಿನ ಕಣ್ಣು ತುಂಬಿ ಬಂತು. ಜೀವನದಲ್ಲಿ ಅಷ್ಟು ನಿರಾಳ ಅವನಿಗೆ ಎಂದೂ ಆಗಿರಲಿಲ್ಲ.

"ಅಬ್ಬ!" ಎಂದು ಉದ್ದಕ್ಕೆ ಉಸಿರುಬಿಟ್ಟ ಫ್ರೀಡಾ ಖಾಲಿ ಡಬ್ಬಿಯನ್ನು ಹತ್ತಿಯ ಸಮೇತ ಅಣ್ಣುವಿನ ಕೈಗೆ ಹಾಕಿದಳು. "ತಕೊಳ್ಳಿ. ಅಜ್ಜಿ ಮಾಡಿಟ್ಟ ಕ್ರಮ ಇದು. ಯಾರು ಮಗುವನ್ನು ಮಲಗಿಸ್ತಾರೋ, ಮುಂದಿನ ಕ್ರಿಸ್ಮಸ್‌ವರೆಗೆ ಮಗು ಅವರ ಮನೆಯಲ್ಲಿ. ಜನವರಿಯ ಮೂವರು ಅರಸರ ಹಬ್ಬ ಕಳೆದ ಮೇಲೆ ಕರ್ಕೊಂಡು ಹೋಗಿ. ಮಣ್ಣಿನದ್ದು, ಜಾಗ್ರತೆ. ಬಿದ್ರೆ ಪುಡಿ. ಹೋದ ಸಲ ನಾನು ಮಲಗಿಸಿದ್ದು, ವರ್ಷವಿಡೀ ನಂಗೆ ನಿದ್ರೆ ಇಲ್ಲ."

ಅಣ್ಣು ಡಬ್ಬಿಯನ್ನು ನೋಡಿದ. ತನ್ನ ಕೈಗಳನ್ನು ನೋಡಿಕೊಂಡ.

ಕೊನೆಗೆ ಪೂವಕ್ಕನೇ ಅಂದರು: "ಅಣ್ಣು, ನಿನ್ನ ಮನೆಯ ವ್ಯಾಕ್ಯೂಮ್ ಕ್ಲೀನರ್ ಈಗಲೇ ತಂದು ನನ್ನ ಮನೆಯಲ್ಲಿಡು."

ಅಣ್ಣು ತರಲು ಹೊರಟ.