ಅರಿಜೋನಾಕ್ಕೆ ಹೊರಟ ಟ್ರೂಡಿಯ ಕ್ಷೌರ

ಎಲ್ಲಕ್ಕೂ ಮೂಲ ಟ್ರೂಡಿಯ ಎಡಗಿವಿಯ ಹಿಂದಿದ್ದ ಒಂದು ಗಂಟು. ನಿಂಬೆಹಣ್ಣಿನ ಗಾತ್ರದ, ಬಾಚಣಿಗೆಯ ಹಲ್ಲು ಮುರಿಯುವಂಥ ಕೂದಲಿನ ಗಂಟು.

ಟ್ರೂಡಿ ವೆಂಡೆಲ್‌ನ ಅತ್ತೆ ಹೆಡ್ವಿಗ್ ಅವರ ನಾಯಿ. ಜೋಲುಗಿವಿಯ, ಮೈತುಂಬ ಕೂದಲಿನ ಸ್ಪಾನಿಯಲ್ ಜಾತಿ. ವಯಸ್ಸು ಹದಿನಾಲ್ಕು. ಕಣ್ಣಿಗೆ ಪೊರೆ, ಕಿವಿ ಪೂರ್ತಿ ಕಿವುಡು, ಹಿಂಗಾಲುಗಳಿಗೆ ಸಂಧಿವಾತ, ಬೆನ್ನ ತುಂಬ ನರಹುಲಿ, ಜೊತೆಗೆ ಥೈರಾಯ್ಡಿಗೆ ದಿನಾ ಮಾತ್ರೆ. ಅತ್ತೆಗೂ ಹೆಚ್ಚುಕಡಿಮೆ ಇವೇ ಕಾಯಿಲೆಗಳು. ಕಿವಿ ಮಾತ್ರ ಪಾದರಸದಷ್ಟು ಚುರುಕು. ವೆಂಡೆಲ್‌ನ ಪಾಲಿಗೆ ಶನಿಯಾಗಿದ್ದದ್ದು ಆ ಕಿವಿಯೇ.

ಚೀಸ್ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅವನಿಗೆ ಉಳಿದಿದ್ದ ಒಂದೇ ಸುಖವೆಂದರೆ ಎದೆಗೆ ತೂಗುಹಾಕಿಕೊಂಡು ತಿದಿಯೆಳೆದು ನುಡಿಸುವ ಅಕಾರ್ಡಿಯನ್. ಮನೆಯ ಹಿಂಬದಿಯ ಕೋಣೆಯಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಪೋಲ್ಕಾ ಕುಣಿತದ ಹಾಡುಗಳ ಅಭ್ಯಾಸ ಮಾಡುತ್ತಿದ್ದ. ಶುಕ್ರವಾರ ಸಂಜೆ ಹುರಿದ ಮೀನು ತಿನ್ನಲು ಸೇರುವ ಊರಿನವರೆಲ್ಲ ಆ ವಾದ್ಯಕ್ಕೆ ಕುಣಿಯುತ್ತಿದ್ದರು. ಹೋದ ಚಳಿಗಾಲ ಅತ್ತೆ ತಮ್ಮ ಮನೆ ಮಾರಿ, ನಾಯಿಯ ಸಮೇತ ಅದೇ ಕೋಣೆಗೆ ಬಂದಿಳಿದರು.

"ಆ ಪೆಟ್ಟಿಗೆ ಊದಿದ್ರೆ ಟ್ರೂಡಿ ಎದೆ ಒಡೆದುಹೋಗುತ್ತೆ ಕಣಯ್ಯ" ಎಂದರು.

ಕಿವುಡು ನಾಯಿಗೆ ಯಾವ ಪೋಲ್ಕಾ ಎಂದು ಕೇಳುವ ಧೈರ್ಯ ವೆಂಡೆಲ್‌ಗಿರಲಿಲ್ಲ. ಅಕಾರ್ಡಿಯನ್ ತನ್ನ ಪೆಟ್ಟಿಗೆಯೊಳಗೆ ಅದೇ ಕೋಣೆಯ ಮಂಚದಡಿ ಸೇರಿತು. ಗೆಳೆಯರು ಬೇರೆ ಕಡೆ ಇಸ್ಪೀಟಾಡತೊಡಗಿದರು.

ಈಗ ಕೊನೆಗೂ ದೇವರು ಕಣ್ಣು ಬಿಟ್ಟಿದ್ದ. ಅತ್ತೆಯ ತಂಗಿ ವಿಲ್ಮಾ ಅರಿಜೋನಾದಿಂದ ಫೋನ್ ಮಾಡಿ, "ಇಲ್ಲಿ ಹಿಮ ಇಲ್ಲ, ಮಂಡಿನೋವಿಲ್ಲ, ಬಂದು ನನ್ನ ಜೊತೇಲೇ ಇದ್ದುಬಿಡು" ಎಂದಿದ್ದಳು. ಷರತ್ತು ಒಂದೇ. ನಾಯಿ ನಾರಬಾರದು, ಮೈಮೇಲೆ ಒಂದೂ ಗಂಟಿರಬಾರದು; ಅವಳ ಮನೆಯ ನೆಲಹಾಸು ಅಚ್ಚ ಬಿಳಿ. ಪ್ರಯಾಣ ನಾಳೆ ಬೆಳಗ್ಗೆ. ಊರಿನ ನಾಯಿ ಕ್ಷೌರದಂಗಡಿಯವರೋ, "ಇಷ್ಟು ಮುದಿ ಜೀವ, ಎದೆ ಬೇರೆ ವೀಕು, ನಾವು ಮುಟ್ಟೋಲ್ಲ" ಎಂದು ಕೈಚೆಲ್ಲಿದ್ದರು.

"ರೀ, ಅಮ್ಮನ್ನ ಚರ್ಚಿಗೆ ಕರ್ಕೊಂಡ್ ಹೋಗ್ತಿದೀನಿ. ಅವಳ ಗೆಳತೀರು ಬೀಳ್ಕೊಡುಗೆ ಇಟ್ಕೊಂಡಿದಾರೆ" ಎಂದಳು ಹೆಂಡತಿ ಮಾರ್ಲಿಸ್. "ಬರೋ ಹೊತ್ತಿಗೆ ಟ್ರೂಡಿಗೆ ಸ್ನಾನ ಆಗಿರ್ಲಿ. ಗಂಟನ್ನ ನಿಧಾನಕ್ಕೆ ಬೆರಳಲ್ಲೇ ಬಿಡಿಸಿ. ಕತ್ತರಿ ಮಾತ್ರ ಮುಟ್ಟಬೇಡಿ."

ಕಾರು ಮರೆಯಾದದ್ದೇ ತಡ, ವೆಂಡೆಲ್ ಮಂಚದಡಿಯಿಂದ ಪೆಟ್ಟಿಗೆ ಎಳೆದು ಮುಚ್ಚಳ ತೆಗೆದ. ಒಳಗೆ ಕೆಂಪು ಮಖಮಲ್ಲಿನ ಹಾಸಿನ ಮೇಲೆ ಅಕಾರ್ಡಿಯನ್ ಮಲಗಿತ್ತು. "ನಾಳೆ ಕಣೋ" ಎಂದು ಅದರ ಬೆನ್ನು ಸವರಿದ. ಟ್ರೂಡಿ ವಾಸನೆ ಹಿಡಿದು ಬಂದು ಮಖಮಲ್ಲಿನ ಮೇಲೆ ಗಲ್ಲವಿಟ್ಟಳು. ಅವನು ಅದನ್ನು ಗಮನಿಸಲಿಲ್ಲ.

ಸ್ನಾನವೇನೋ ಸುಸೂತ್ರವಾಯಿತು. ಕಣ್ಣು ಕಿವಿ ಇಲ್ಲದ ಪ್ರಾಣಿ ಬೆಚ್ಚದಿರಲೆಂದು ಮೊದಲು ತನ್ನ ಕೈ ಮೂಸಲು ಕೊಟ್ಟ. ಕಾಲು ಜಾರದಿರಲೆಂದು ತೊಟ್ಟಿಯಲ್ಲಿ ರಬ್ಬರ್ ಚಾಪೆ ಹಾಸಿದ. ಬೆಚ್ಚನೆಯ ನೀರು ಬೀಳುತ್ತಿದ್ದಂತೆ ಟ್ರೂಡಿ ಅವನ ಎದೆಗೊರಗಿ ನಿಂತಲ್ಲೇ ನಿದ್ದೆಹೋದಳು. ಅಯ್ಯೋ ಪಾಪ ಅನ್ನಿಸಿತು ವೆಂಡೆಲ್‌ಗೆ. ಇವಳ ಮೇಲೆ ಅವನಿಗೆ ದ್ವೇಷವೇನೂ ಇರಲಿಲ್ಲ.

ಅಷ್ಟರಲ್ಲಿ ಹಿತ್ತಿಲ ಬಾಗಿಲು ತಳ್ಳಿಕೊಂಡು ಪಕ್ಕದ ಮನೆಯ ಲವರ್ನ್ ಬಂದಳು. ಹಿಂದೊಮ್ಮೆ ಬ್ಯೂಟಿ ಪಾರ್ಲರ್ ನಡೆಸಿದಾಕೆ. ಈಗಲೂ ಯಾರ ತಲೆ ಕಂಡರೂ ಅವಳ ಕೈ ನವೆಯುತ್ತಿತ್ತು.

"ಇದನ್ನ ಬೆರಳಲ್ಲಿ ಬಿಡಿಸ್ತೀಯಾ? ಬರೋ ಕ್ರಿಸ್‌ಮಸ್ಸಿಗೆ ಬಿಡಿಸಿ ಮುಗಿಸ್ತೀಯ. ಕತ್ತರಿ ತಾ."

"ಮಾರ್ಲಿಸ್ ಬೇಡ ಅಂದಿದಾಳೆ."

"ಮಾರ್ಲಿಸ್ ತಲೆಕೂದಲು ಕತ್ತರಿಸಿದೋಳು ನಾನೇ ಅಲ್ವಾ? ತಾ ಅಂದ್ರೆ ತಾ!"

ಒಂದೇ ಕಚಕ್ಕಿಗೆ ಗಂಟು ಕೈಗೆ ಬಂತು. ಗಂಟಿದ್ದ ಕಡೆ ಬೋಳು ಗುಂಡಿ ಉಳಿಯಿತು. ಗುಂಡಿ ಕಾಣದಿರಲೆಂದು ಬಲಗಿವಿಯ ಹಿಂದೆಯೂ ಅಷ್ಟೇ ಕತ್ತರಿಸಿದಳು. ಬಲಗಡೆ ತುಸು ಹೆಚ್ಚಾಯಿತು. ಸರಿಮಾಡಲು ಎಡಗಡೆ ಕುತ್ತಿಗೆಗೆ ಇಳಿದಳು. ಕೋತಿ ಬೆಣ್ಣೆ ಹಂಚಿದ ಹಾಗೆ ಅತ್ತ ಇಷ್ಟು ಇತ್ತ ಇಷ್ಟು ಹಂಚಿ, ಭುಜ ತಲುಪುವ ಹೊತ್ತಿಗೆ ಲವರ್ನ್ ಬೆವರಿದಳು.

"ಇದು ನನ್ನ ಕೈ ಮೀರ್ತು. ಓರಿನ್‌ನ ಕರೀತೀನಿ ಇರು."

ಓರಿನ್ ಎದುರುಮನೆಯವನು. ಆಯುಷ್ಯವೆಲ್ಲ ಹಾಲಿನ ಹಸು ಸಾಕಿದವನು. ಜಿಲ್ಲೆಯ ದನದ ಪ್ರದರ್ಶನಕ್ಕೆ ಹಸುಗಳ ಮೈಕೂದಲು ಕತ್ತರಿಸಿ ಬಹುಮಾನ ಹೊಡೆದವನು. ಇಟ್ಟಿಗೆಯಷ್ಟು ದಪ್ಪದ ಕೂದಲು ಕತ್ತರಿಸುವ ಯಂತ್ರ ಹಿಡಿದೇ ಬಂದ. ಟ್ರೂಡಿಯನ್ನು ಒಂದು ಸುತ್ತು ಹಾಕಿ ನೋಡಿದ.

"ಇವಳು ಎಲ್ಲಿಗೆ ಹೊರಟಿದಾಳೆ ಅಂದೆ?"

"ಅರಿಜೋನಾಕ್ಕೆ."

"ಮತ್ತೆ ಈ ಕಂಬಳಿ ಯಾಕೆ? ಅದು ಬಾಣಲೆ ಕಣಯ್ಯ, ಬಾಣಲೆ! ಇಲ್ಲಿ ಜುಲೈನಲ್ಲಿ ಎರಡು ದಿನ ಸೆಕೆಯಾದ್ರೆ ನಾವು ನಾಲಿಗೆ ಹೊರಗೆ ಹಾಕ್ತೀವಿ. ಇಷ್ಟು ಕೂದಲು ಹೊತ್ಕೊಂಡು ಮುದುಕಿ ಅಲ್ಲಿ ಬದುಕ್ತಾಳಾ? ಎಲ್ಲಾ ತೆಗೆದುಬಿಡೋಣ."

"ಹೌದಲ್ವಾ!" ಎಂದಳು ಲವರ್ನ್.

ಹೌದಲ್ಲವೇ ಎಂದು ವೆಂಡೆಲ್‌ಗೂ ಅನ್ನಿಸಿತು. ಕಿಟಕಿಯಾಚೆ, ಏಪ್ರಿಲ್ ಮುಗಿಯುತ್ತಿದ್ದರೂ, ಬೇಲಿಯ ಬುಡದಲ್ಲಿ ಹಿಮ ಕೊಳಕು ಮಂಜುಗಡ್ಡೆಯಾಗಿ ಬಿದ್ದಿತ್ತು. ವಿಸ್ಕಾನ್ಸಿನ್ ಬಿಟ್ಟು ದಕ್ಷಿಣಕ್ಕೆ ತಲೆಹಾಕದ ಮೂವರೂ ಮರುಭೂಮಿಯ ಬಿಸಿಲಿನ ಬಗ್ಗೆ ಒಮ್ಮತಕ್ಕೆ ಬಂದರು.

ಕೆಲಸ ಶುರುವಾಯಿತು. ಹಿಂಗಾಲು ಸೋಲದಿರಲೆಂದು ವೆಂಡೆಲ್ ಅವಳ ಹೊಟ್ಟೆಯ ಕೆಳಗೆ ಟವೆಲ್ ತೂರಿಸಿ ಎತ್ತಿ ಹಿಡಿದ. ನರಹುಲಿಗಳಿಗೆ ಪೆಟ್ಟಾಗದಿರಲೆಂದು ಲವರ್ನ್ ಒಂದೊಂದರ ಮೇಲೂ ಟೀ ಚಮಚ ಬೋರಲು ಹಾಕಿದಳು. ಓರಿನ್ ಚಮಚದ ಸುತ್ತ ಯಂತ್ರ ಓಡಿಸಿದ. ಯಂತ್ರ ಬಿಸಿಯಾದಾಗೆಲ್ಲ ನಿಲ್ಲಿಸಿ, ಅದು ಆರುವ ತನಕ ತನ್ನ ಹಸುಗಳ ಕತೆ ಹೇಳಿದ. ವೆಂಡೆಲ್‌ನ ಸೊಂಟ ಹಿಡಿದುಕೊಂಡಿತು. ಟ್ರೂಡಿ ಗೊರಕೆ ಹೊಡೆದಳು. ಎಲ್ಲ ಮುಗಿದಾಗ ಸಿಪ್ಪೆ ಸುಲಿದ ಗೆಣಸಿನಂಥ ಒಂದು ಪ್ರಾಣಿ ಕಣ್ಣು ಪಿಳಿಪಿಳಿ ಬಿಡುತ್ತ ನಿಂತಿತ್ತು. ಬಾಲದ ತುದಿಯಲ್ಲಿ ಮಾತ್ರ ಒಂದು ಕುಚ್ಚು.

"ಅದ್ಯಾಕೆ ಬಿಟ್ಟೆ?" ಎಂದ ವೆಂಡೆಲ್.

"ಪ್ರದರ್ಶನದ ಹಸುಗೆ ಕುಚ್ಚು ಬಿಡಲೇಬೇಕು" ಎಂದ ಓರಿನ್.

ಹೊರಗೆ ಕಾರಿನ ಸದ್ದಾಯಿತು. ಸಲಹೆಗಾರರಿಬ್ಬರೂ ಹಿತ್ತಿಲ ಬಾಗಿಲು ಹಿಡಿದರು. ವೆಂಡೆಲ್ ಒಬ್ಬನೇ ಉಳಿದ, ಕೈಯಲ್ಲಿ ಚಮಚಗಳ ಸಮೇತ.

ಮಾರ್ಲಿಸ್ "ಅಯ್ಯೋ" ಎಂದು ಬಾಯಿ ಮುಚ್ಚಿಕೊಂಡಳು. ಅತ್ತೆ ಕನ್ನಡಕ ಸರಿಮಾಡಿಕೊಂಡು, ಕೋಲೂರಿ ಹತ್ತಿರ ಬಂದು, ಬಗ್ಗಿ ನಾಯಿಯ ಮೈ ಸವರಿದರು.

"ಮರಿಯಾಗಿದ್ದಾಗ ಹೀಗೇ ಇದ್ದಳು ನನ್ನ ಟ್ರೂಡಿ!" ಅತ್ತೆಯ ಕಣ್ಣಲ್ಲಿ ನೀರು. "ಹೀಗೇ ನುಣ್ಣಗೆ, ಗುಲಾಬಿ ಬಣ್ಣ! ವೆಂಡೆಲ್, ನಿನ್ನನ್ನ ಬರೀ ಪೆಟ್ಟಿಗೆ ಊದೋನು ಅಂದ್ಕೊಂಡಿದ್ದೆ ಕಣಯ್ಯ. ಕ್ಷಮಿಸು." ಹಾಗೆಂದು ಅವನ ಕೆನ್ನೆಗೆ ಮುತ್ತು ಕೊಟ್ಟರು. ಮದುವೆಯ ದಿನವೂ ಕೊಟ್ಟಿರಲಿಲ್ಲ.

ವೆಂಡೆಲ್‌ನ ಎದೆಯೊಳಗೆ ಆಗಲೇ ಪೋಲ್ಕಾ ಶುರುವಾಯಿತು.

"ವಿಲ್ಮಾಗೂ ತೋರಿಸೋಣ" ಎಂದು ಅತ್ತೆ ಮಗಳಿಂದ ವಿಡಿಯೋ ಕರೆ ಮಾಡಿಸಿದರು. ಪರದೆಯ ಮೇಲೆ ಬಿಸಿಲಿಗೆ ಕಂದಿದ ವಿಲ್ಮಾ ಮೂಡಿದಳು. ಟ್ರೂಡಿಯನ್ನು ಕಂಡದ್ದೇ ಕಿರುಚಿದಳು.

"ಬೋಳಿಸಿದೋರು ಯಾರೇ? ಇಲ್ಲಿ ಬಿಸಿಲಿಗೆ ನಾಯಿ ಕೂದಲೇ ಕೊಡೆ! ಈ ಚರ್ಮಕ್ಕೆ ಒಂದೇ ದಿನದಲ್ಲಿ ಗುಳ್ಳೆ ಏಳುತ್ತೆ. ಕೂದಲು ಬರೋವರ್ಗೂ ಕರ್ಕೊಂಡು ಬರಲೇಬೇಡ!"

"ಅಂಗಿ ಹಾಕಿ ಕಳಿಸಿದ್ರೆ?" ಎಂದ ವೆಂಡೆಲ್ ಬಡಪಾಯಿ.

"ಈ ಸೆಕೇಲಿ ಅಂಗಿಯಾ? ಬುದ್ಧಿ ಇದೆಯಾ ನಿನಗೆ?"

ಮಾರ್ಲಿಸ್ ಪಶುವೈದ್ಯರಿಗೆ ಫೋನ್ ಹಚ್ಚಿದಳು. ಮಾತು ಮುಗಿಸಿ ಬಂದವಳು ಗಂಡನ ಮುಖ ನೋಡಲಿಲ್ಲ. "ವಯಸ್ಸಾಗಿದೆ, ಥೈರಾಯ್ಡು ಬೇರೆ. ಮತ್ತೆ ಕೂದಲು ಬರೋಕೆ ವರ್ಷ ಹಿಡೀಬಹುದಂತೆ. ಬರದೇನೂ ಇರಬಹುದಂತೆ."

"ಅವಳನ್ನ ಬಿಟ್ಟು ನಾನು ಎಲ್ಲಿಗೂ ಹೋಗೋಲ್ಲ" ಎಂದರು ಅತ್ತೆ. ಬಾಗಿಲ ಬಳಿಯಿದ್ದ ಸೂಟ್‌ಕೇಸುಗಳನ್ನು ವೆಂಡೆಲ್ ಹಿಂಬದಿಯ ಕೋಣೆಗೆ ತಾನೇ ಹೊತ್ತು ತಂದ.

ಅಲ್ಲಿ ಪೆಟ್ಟಿಗೆ ಬೆಳಗ್ಗೆ ತೆರೆದಂತೆಯೇ ಇತ್ತು. ಚಳಿಗೆ ನಡುಗುತ್ತಿದ್ದ ಟ್ರೂಡಿ ಮೂಸಿಕೊಂಡು ಬಂದು ಅಕಾರ್ಡಿಯನ್ನಿನ ಮೇಲೆ ಹತ್ತಲು ನೋಡಿದಳು.

"ಮಖಮಲ್ಲು! ನೋಡು, ಹೇಗೆ ಕಂಡ್ಕೊಂಡಳು" ಎಂದು ಅತ್ತೆ ಹಿಗ್ಗಿದರು. "ಆ ಸಾಮಾನು ಅತ್ತ ತೆಗೆದಿಡಯ್ಯ."

ಪೆಟ್ಟಿಗೆ ಅಳತೆ ಕೊಟ್ಟು ಮಾಡಿಸಿದಂತೆ ಟ್ರೂಡಿಗೆ ಸರಿಹೋಯಿತು. ಅವಳು ಒಳಗೆ ಸುರುಳಿ ಸುತ್ತಿ, ಕುಚ್ಚನ್ನು ಮೂಗಿನ ಮೇಲೆ ಹಾಕಿಕೊಂಡು ಮಲಗಿದಳು. ಅಕಾರ್ಡಿಯನ್ ನೆಲದ ಮೇಲೆ ಬರಿಮೈಯಲ್ಲಿ ಕೂತಿತು.

"ದಿನಾ ಕೊಬ್ಬರಿ ಎಣ್ಣೆ ತಿಕ್ಕಿದ್ರೆ ಕೂದಲು ಬೇಗ ಬರುತ್ತಂತೆ" ಎಂದರು ಅತ್ತೆ. "ನಿನ್ನ ಕೈಗುಣ ಒಳ್ಳೇದು. ಬೇಕಾದ್ರೆ ನಾಳೆಯಿಂದ ಶುರುಮಾಡು, ಅವಸರವೇನಿಲ್ಲ."

ವೆಂಡೆಲ್ ಆಗಲೇ ತೋಳು ಮಡಿಸಿ, ಎಣ್ಣೆ ಬಾಟಲಿ ಹುಡುಕಲು ಅಡುಗೆಮನೆಗೆ ಓಡಿದ್ದ.