ನಕ್ಷೆಯಲ್ಲಿ ನಾನೊಂದು ಚುಕ್ಕಿ

ಇನ್ನು ಈ ಜನ್ಮದಲ್ಲಿ ಪೊರಕೆ ಮುಟ್ಟುವವಳಲ್ಲ ನಾನು! ತಿಪಟೂರಿನ ನಮ್ಮ ಬೀದಿಗೆಲ್ಲ ಕೇಳುವಂತೆ ಹೀಗೆ ಸಾರಿದ್ದೆ. ಕೊಬ್ಬರಿ ಲಾರಿ ಓಡಿಸುವ ನನ್ನ ಯಜಮಾನರು ರಂಗರಾಜು, ದೆಹಲಿಯಿಂದ ಕಸ ಗುಡಿಸುವ ರೋಬೊ ತಂದಿದ್ದರು. ರೊಟ್ಟಿ ಹಂಚಿನಷ್ಟಗಲದ ಅದು ಮೊದಲ ದಿನವೇ ಗೋಡೆ ತಡವಿ, ಮಂಚದ ಕಾಲಿಗೆ ಡಿಕ್ಕಿ ಹೊಡೆದು, ನಮ್ಮನೆಯ ನಕ್ಷೆಯನ್ನು ತಾನೇ ಬರೆದುಕೊಂಡಿತು. ಆ ನಕ್ಷೆ ತಮ್ಮ ಫೋನಿನಲ್ಲೂ ಕಾಣುವಂತೆ ಮಾಡಿಕೊಂಡು ಇವರು ಮತ್ತೆ ಲಾರಿ ಹತ್ತಿದರು.

ಶುರುವಾಯಿತು ನೋಡಿ ರೋಬೊಗೆ ಹುಚ್ಚು! ಹೊತ್ತಲ್ಲದ ಹೊತ್ತಲ್ಲಿ ಗುರ್ ಎಂದು ಎದ್ದು, ಗುಡಿಸಿದ ಅಡುಗೆಮನೆಗೇ ಮತ್ತೆ ಬಂದು ನನ್ನ ಪಾದಕ್ಕೆ ಗುದ್ದುವುದು. ಮುದ್ದೆ ತೊಳಸುವಾಗ ಗುದ್ದು! ಪೂಜೆಗೆ ಕೂತರೆ ಗುದ್ದು! ಇದಕ್ಕೆ ದಾರಿ ತಪ್ಪಲೆಂದು ಪಕ್ಕದ ಮನೆ ನಿಂಗಮ್ಮನನ್ನು ಕರೆದು, ಮಂಚ, ಕುರ್ಚಿ ಎಲ್ಲದರ ಜಾಗ ಬದಲಿಸಿಬಿಟ್ಟೆ. ಪಾಪದ್ದು, ನಿಂತಲ್ಲೇ ಗಿರಗಿರನೆ ಸುತ್ತತೊಡಗಿತು. ಆಗಲೇ ಫೋನು ಬಡಿದುಕೊಂಡಿತು.

"ಶಾಂತಾ, ಮನೇಲಿ ಏನಾಯ್ತೇ? ಮಂಚ ಎಲ್ಲೋಯ್ತು?"

"ನಿಮಗೆಂಗ್ರೀ ಗೊತ್ತಾಯ್ತು?"

ಲಾರಿಗಳ ಹಾರನ್ನಿನ ನಡುವೆ ಇವರ ದನಿ ಸಣ್ಣಗಾಯಿತು.

"ಅದನ್ನ ಫೋನಿಂದ್ಲೇ ನಿನ್ನತ್ರ ಕಳಿಸ್ತಿದ್ದೋನು ನಾನೇ ಕಣೇ. ನಿನ್ ಕಾಲಿಗೆ ತಗುಲಿದ್ರೆ ನಕ್ಷೇಲಿ ಒಂದು ಚುಕ್ಕಿ ಬೀಳ್ತೈತೆ. ಓ, ಒಲೆ ಮುಂದೆ ಅವ್ಳೆ ಅನ್ಕೊಂಡು ಟೀ ಕುಡೀತಿದ್ದೆ. ಲಾರೀಲಿ ಮಲಗ್ದಾಗಲೂ ಅಷ್ಟೇ, ಕಣ್ಮುಚ್ಕೊಂಡು ಬಾಗ್ಲಿಂದ ಮಂಚದ ತಂಕ ನಡ್ಕೊಂಡು ಬತ್ತೀನಿ. ನೀನು ಮಂಚಾನೇ ಎತ್ತಾಕ್ಬಿಟ್ರೆ ನಾನೆಲ್ಲಿಗ್ ಬರ್ಲಿ?"

ನನ್ನ ಪಾಡೂ ಅದೇ. ಕತ್ತಲಲ್ಲೂ ಅವರ ದಿಂಬು ಎಲ್ಲಿದೆಯೆಂದು ನನ್ನ ಕೈಗೆ ಗೊತ್ತು. ಅವರು ಅಲ್ಲಿಲ್ಲ ಎನ್ನುವುದನ್ನು ಮಾತ್ರ ಅದು ಇನ್ನೂ ಕಲಿತಿಲ್ಲ.

ನಿಂಗಮ್ಮನ ಬೈಗುಳದ ಮಂಗಳವಾದ್ಯದೊಂದಿಗೆ ಮಂಚ ಸ್ವಸ್ಥಾನ ಸೇರಿತು. ಮರುದಿನ ಇವರು ಟೀಗೆ ಲಾರಿ ನಿಲ್ಲಿಸುವ ಹೊತ್ತಿಗೆ ತಲೆ ಬಾಚಿ, ಮಲ್ಲಿಗೆ ಮುಡಿದು, ನಡುಮನೆಯಲ್ಲಿ ಕಾಲು ಚಾಚಿ ಕೂತೆ. ರೋಬೊ ಬಂತು. ಪಾದ ಮುಟ್ಟಿತು, ಹಿಂದೆ ಸರಿಯಿತು, ನನ್ನ ಸುತ್ತ ಪ್ರದಕ್ಷಿಣೆ ಹಾಕುತ್ತಾ ಮೊಣಕಾಲು, ಸೊಂಟ, ಬೆನ್ನು ಎಲ್ಲ ತಡವಿತು. ನನಗಂತೂ ನಾಚಿಕೆಯೇ ಬಂತು!

ಫೋನು ಬಂತು. ಮೆಲ್ಲಗೆ "ಹೇಳ್ರೀ..." ಎಂದೆ.

"ಶಾಂತಾ, ನಡುಮನೇಲಿ ಏನೋ ದೊಡ್ಡದು ಅಡ್ಡ ಬಂದೈತಲ್ಲೇ. ಯಾರಾದ್ರೂ ಕೊಬ್ಬರಿ ಮೂಟೆ ತಂದಿಟ್ಟವ್ರಾ?"