ಕಾರು ಕಕ್ಕಿದ ಭಾನುವಾರ

ಕಾರಿನ ಕೆಳಗೆ ತಟ್ಟೆಯಗಲದ ಹಸಿರು ನೀರು ನಿಂತಿತ್ತು. ಕನ್ನಡಕದವರು ಮಂಡಿಯೂರಿ ಬೆರಳು ಅದ್ದಿ ಮೂಸಿದರು. ಸಿಹಿ ವಾಸನೆ. ಎಂಜಿನ್ ತಂಪಾಗಿಡುವ ಕೂಲಂಟ್, ಅನುಮಾನವೇ ಇಲ್ಲ. ನಿನ್ನೆಯೂ ಇತ್ತು, ಮೊನ್ನೆಯೂ ಇತ್ತು. ದಿನಾ ಬೆಳಿಗ್ಗೆ ಬಾನೆಟ್ ಎತ್ತಿದರೆ ಕೂಲಂಟ್ ಡಬ್ಬಿ ಇಳಿದಿರುತ್ತಿತ್ತು. ದಿನಾ ಅವರು ಬಾಯಿಮಟ್ಟ ತುಂಬಿಸಿ ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಬಂದು ನಿಲ್ಲಿಸಿದರೆ ಕಾರು ಮತ್ತೆ ನೆಲ ಒದ್ದೆ ಮಾಡುತ್ತಿತ್ತು.

ಕೊಂಡು ವಾರವಾಗಿತ್ತು. ಎಂಟು ವರ್ಷ ಯಾರದೋ ಕೈಯಲ್ಲಿ ಓಡಿದ ಗಾಡಿ. ಮಾರಿದ ದಲ್ಲಾಳಿ ಒಂದು ಮಾತು ಕೊಟ್ಟಿದ್ದ: ಭಾನುವಾರ ಸಂಜೆ ಐದರೊಳಗೆ ದೋಷ ಕಂಡರೆ ತಂದು ಬಿಡಿ, ವಾಪಸ್ ತಗೊಳ್ತೀನಿ, ಐದು ದಾಟಿದರೆ ಕಾರೂ ನಿಮ್ಮದು, ಕರ್ಮವೂ ನಿಮ್ಮದು. ಇವತ್ತೇ ಆ ಭಾನುವಾರ.

ಕನ್ನಡಕದವರು ಅಂದರೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವರು. ದಿನವಿಡೀ ಜನರ ಮುಖಕ್ಕೆ ಗೇಣು ದೂರದಲ್ಲಿ ಕೂತು ‘ಇದು ಸ್ಪಷ್ಟವೋ, ಅದು ಸ್ಪಷ್ಟವೋ’ ಎಂದು ಕೇಳುವುದು ಅವರ ಕೆಲಸ. ಬಂದವರೆಲ್ಲ ಅವರ ಕಡೆಗೇ ಮುಖ ಮಾಡಿ ಕೂರುತ್ತಿದ್ದರು. ನೋಡುತ್ತಿದ್ದುದು ಮಾತ್ರ ಅವರ ಬೆನ್ನ ಹಿಂದಿನ ಗೋಡೆಯ ಅಕ್ಷರಗಳನ್ನು. ಮನೆಗೆ ಬಂದರೆ ಅಷ್ಟೂ ಇಲ್ಲ. ಮೂರನೇ ಮಹಡಿಯಲ್ಲಿ ಒಂಟಿ ವಾಸ. ಅಡುಗೆಮನೆಯಲ್ಲಿ ಎರಡು ಲೋಟ: ಒಂದು ತಾವು ಕುಡಿಯಲು, ಇನ್ನೊಂದು ಯಾರಾದರೂ ಬಂದರೆ ಇರಲಿ ಎಂದು. ನಾಲ್ಕು ವರ್ಷವಾದರೂ ಎರಡನೆಯದರ ತಳದ ಬೆಲೆಚೀಟಿ ಹಾಗೇ ಅಂಟಿಕೊಂಡಿತ್ತು.

“ಏನ್ರೀ ಇದು, ನಿಮ್ಮ ಗಾಡಿ ಹಾಸಿಗೆ ಒದ್ದೆ ಮಾಡ್ಕೊಂಡಿದೆಯಲ್ಲ?”

ಕೇಳಿದವರು ನೆಲಮಹಡಿಯ ಬಾಯ್ಲರ್ ಯಜಮಾನರು. ಕಾರ್ಖಾನೆಯ ಬಾಯ್ಲರ್ ಕಾಯುತ್ತ ತಲೆಗೂದಲು ನೆರೆಸಿಕೊಂಡು ನಿವೃತ್ತರಾದವರು. ಅವರ ಕಣ್ಣಿಗೆ ಲೋಕವೇ ಒಂದು ಬಾಯ್ಲರು, ಮನುಷ್ಯರೆಲ್ಲ ಅದರ ವಾಲ್ವುಗಳು. ಕನ್ನಡಕದವರ ಜೊತೆ ಅವರು ಆಡಿದ ಮೊದಲ ಮಾತು ಇದೇ.

ಯಜಮಾನರು ಬಾನೆಟ್ಟಿನೊಳಗೆ ಇಣುಕಿ, ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋಗಿದೆ, ನೀರು ಎಂಜಿನ್ನಿನ ಹೊಟ್ಟೆಗೇ ಇಳಿಯುತ್ತಿದೆ ಎಂದು ತೀರ್ಪು ಕೊಟ್ಟರು. ಅಷ್ಟರಲ್ಲಿ ಹಲ್ಲುಜ್ಜುತ್ತಲೇ ಇಳಿದುಬಂದ ಮೊದಲ ಮಹಡಿಯ ಡ್ರೈವಿಂಗ್ ಮೇಷ್ಟ್ರು, ಬ್ರಷ್ಷನ್ನು ಬಾಯಿಂದ ತೆಗೆಯದೆಯೇ, ಗ್ಯಾಸ್ಕೆಟ್ಟೂ ಅಲ್ಲ ಗೀಸ್ಕೆಟ್ಟೂ ಅಲ್ಲ, ವಾಟರ್ ಪಂಪು ಎಂದರು. ಹೊಟ್ಟೆಗೆ ಇಳಿಯುತ್ತಿದ್ದರೆ ನೆಲ ಯಾಕೆ ಒದ್ದೆ ಎನ್ನುವುದು ಅವರ ಪ್ರಶ್ನೆ. ಎಂಜಿನ್ ಅರ್ಧ ಗಂಟೆ ಓಡಿಸಿಟ್ಟು, ಹೊಗೆ ಬಿಳಿಯೋ ಅಲ್ಲವೋ ಎಂದು ಒಂದು ಸುತ್ತು ಜಗಳವಾಯಿತು. ಎಂಜಿನ್ ನಿಲ್ಲಿಸಿ ಆಯಿಲ್ ಮುಚ್ಚಳ ಬಿಚ್ಚಿದರು. ನೀರು ಸೇರಿದ್ದರೆ ಎಣ್ಣೆ ಹಾಲಿನಂತಾಗಿರಬೇಕಿತ್ತು, ಆಗಿರಲಿಲ್ಲ. ರೋಗಿ ಚೇತರಿಸಿಕೊಂಡಾಗ ಕೆಲವು ವೈದ್ಯರ ಮುಖ ಬಾಡುತ್ತದಲ್ಲ, ಯಜಮಾನರ ಮುಖ ಹಾಗಾಯಿತು.

“ರೇಡಿಯೇಟರ್ ಮುಚ್ಚಳ ತೆಗೀತೀನಿ, ಒಳಗೆ ಗುಳ್ಳೆ ಬರ್ತಿದೆಯಾ ನೋಡಿ,” ಎಂದರು.

ಎಂಜಿನ್ ಬಿಸಿ ಇದೆ ಎಂದು ಮೇಷ್ಟ್ರು ತಡೆದರು. ಬಾಯ್ಲರಿನವನಿಗೆ ಬಿಸಿಯ ಪಾಠವೇ ಎಂದು ಯಜಮಾನರು ಒದ್ದೆ ಟವೆಲ್ ಹಾಕಿ ಮುಚ್ಚಳವನ್ನು ಅರ್ಧ ತಿರುಗಿಸಿದರು. ಬುಸ್ಸೆಂದು ಹಸಿರು ಕಾರಂಜಿ ಎದ್ದಿತು. ಮೂವರೂ ಮೂರು ದಿಕ್ಕಿಗೆ ಹಾರಿದರು. ಯಾರಿಗೂ ಸುಡಲಿಲ್ಲ. ಆದರೆ ಪಕ್ಕದ ತಂತಿಯ ಮೇಲೆ ಒಣಗಿಸಿದ್ದ ಎರಡನೇ ಮಹಡಿಯ ನರ್ಸಮ್ಮನ ಬಿಳಿ ಸಮವಸ್ತ್ರಕ್ಕೆ ಹಸಿರು ಚುಕ್ಕೆಗಳ ದಡಾರ ಬಂತು.

ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಕಣ್ಣುಮುಚ್ಚಿದ್ದ ನರ್ಸಮ್ಮ ಕೆಳಗೆ ಬಂದರು. ಬಟ್ಟೆ ನೋಡಿದರು, ಮೂವರನ್ನು ನೋಡಿದರು. ಬೈಯುತ್ತಾರೆಂದು ಕನ್ನಡಕದವರು ತಲೆ ತಗ್ಗಿಸಿದರು. ಅವರು ಬೈಯಲಿಲ್ಲ. ಕಾರಿನ ಪಕ್ಕ ನಿಂತು, ವಾರ್ಡಿನಲ್ಲಿ ನಿಂತ ಹಾಗೆ, ಯಾವಾಗಿಂದ ಎಂದು ಕೇಳಿದರು.

ಎಲ್ಲರೂ ಇಷ್ಟು ಹೊತ್ತು ನಿಂತಿರುವಾಗ ಚಹಾ ಕೊಡದಿದ್ದರೆ ಹೇಗೆ? ಕನ್ನಡಕದವರು ಮೂರು ಮಹಡಿ ಹತ್ತಿದರು, ಇರುವುದು ಎರಡೇ ಲೋಟ ಎಂದು ನೆನಪಾಗಿ ಇಳಿದರು, ನರ್ಸಮ್ಮನ ಮನೆಯಿಂದ ಇನ್ನಷ್ಟು ಲೋಟ ಕೇಳಿ ಪಡೆದು ಮತ್ತೆ ಹತ್ತಿದರು. ಎರಡನೇ ಲೋಟ ಮೇಷ್ಟ್ರ ಕೈಗೆ ಹೋಯಿತು. ಅವರು ಅದರ ತಳ ನೋಡಿ, “ಹೊಸದಾ ಸಾರ್?” ಎಂದರು.

“ಹೌದು, ಹೊಸದು,” ಎಂದರು ಕನ್ನಡಕದವರು.

ಮಧ್ಯಾಹ್ನ ಮೇಷ್ಟ್ರ ಪರಿಚಯದ ಮೆಕ್ಯಾನಿಕ್ ಬಂದ. ರಜೆಯ ದಿನ ಕರೆದದ್ದಕ್ಕೆ ಗೊಣಗುತ್ತಲೇ, ಆರಿದ್ದ ರೇಡಿಯೇಟರಿನ ಬಾಯಿಗೆ ಮೀಟರ್ ಇರುವ ಕೈಪಂಪು ಸಿಕ್ಕಿಸಿ ಗಾಳಿ ಒತ್ತಿದ. ಎಲ್ಲಾದರೂ ಸೋರುತ್ತಿದ್ದರೆ ಮುಳ್ಳು ಇಳಿಯುತ್ತದೆ, ಸುಮ್ಮನೆ ನೋಡ್ತಾ ಇರಿ ಎಂದ. ಎಲ್ಲರೂ ಎರಡನೇ ಸುತ್ತಿನ ಚಹಾ ಹಿಡಿದು ಮುಳ್ಳನ್ನೇ ನೋಡಿದರು. ಯಜಮಾನರ ಕೈ ಕನ್ನಡಕದವರ ಹೆಗಲ ಮೇಲಿತ್ತು. ಆ ಕೈ ಎಲ್ಲಿ ಸರಿದುಹೋದೀತೋ ಎಂದು ಅವರು ಮೈ ಕದಲಿಸದೆ ನಿಂತರು. ಚಹಾ ಮುಗಿಯಿತು. ಮುಳ್ಳು ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ.

“ಎಲ್ಲೂ ಲೀಕ್ ಇಲ್ಲ,” ಎಂದ ಮೆಕ್ಯಾನಿಕ್.

“ಮತ್ತೆ ಈ ನೀರು ಆಕಾಶದಿಂದ ಬಿತ್ತಾ?” ಎಂದರು ಯಜಮಾನರು.

ನರ್ಸಮ್ಮ, ದಿನಕ್ಕೆ ಎಷ್ಟು ಒಳಗೆ ಹೋಗುತ್ತದೆ ಎಂದು ಕೇಳಿದರು. ಬಾಯಿಮಟ್ಟ ಎಂದರು ಕನ್ನಡಕದವರು. ನರ್ಸಮ್ಮ, ಹೇಗೂ ಹಾಳಾಗಿದ್ದ ಸಮವಸ್ತ್ರದ ತುದಿಯಿಂದ ಕೂಲಂಟ್ ಡಬ್ಬಿಯ ಕೊಳೆ ಒರೆಸಿದರು. ಎರಡು ಗೆರೆ ಕಂಡವು. ಕನಿಷ್ಠ ಕೆಳಗೆ, ಗರಿಷ್ಠ ಮೇಲೆ. ಡಬ್ಬಿಯ ಬಾಯಿ ಮೇಲಿನ ಗೆರೆಗಿಂತ ನಾಲ್ಕು ಬೆರಳು ಎತ್ತರದಲ್ಲಿತ್ತು.

“ಹೊಟ್ಟೆ ತುಂಬಿದ ಮೇಲೂ ಹಾಲು ಕುಡಿಸಿದ್ರೆ ಕೂಸು ಕಕ್ಕುತ್ತೆ. ನಿಮ್ಮ ಕಾರೂ ಕಕ್ಕಿದೆ, ಅಷ್ಟೆ ಸಾರ್.”

ಮೆಕ್ಯಾನಿಕ್ ತಲೆಯಾಡಿಸಿದ. ಬಿಸಿಯಾದರೆ ಕೂಲಂಟ್ ಉಬ್ಬುತ್ತದೆ, ಜಾಗವಿಲ್ಲದಿದ್ದರೆ ಹೊರಚೆಲ್ಲುತ್ತದೆ, ಆರಿದ ಮೇಲೆ ತನ್ನ ಗೆರೆಗೆ ಇಳಿಯುತ್ತದೆ. ಇಳಿಯಿತೆಂದು ಇವರು ಮತ್ತೆ ತುಂಬಿಸಿದ್ದಾರೆ. ಮೇಷ್ಟ್ರು ನಕ್ಕು ನಕ್ಕು ಬಗ್ಗಿದರು. ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡುವವರಿಗೆ ಎರಡು ಗೆರೆ ಕಾಣಲಿಲ್ಲವಲ್ಲ ಎಂದು ಅವರ ನಗು. ಕನ್ನಡಕದವರೂ ನಕ್ಕರು. ತಮ್ಮ ಬಗ್ಗೆ ಅಷ್ಟು ಜನ ಒಟ್ಟಿಗೆ ನಕ್ಕದ್ದು ಅವರಿಗೆ ನೆನಪಿರಲಿಲ್ಲ.

ಮೆಕ್ಯಾನಿಕ್ ಹೆಚ್ಚಿನ ಕೂಲಂಟ್ ತೆಗೆದು ಗೆರೆಗೆ ಸರಿಮಾಡಿ ಹೋದ. ಅದರೊಂದಿಗೆ ಗುಂಪೂ ಕರಗಿತು. ನರ್ಸಮ್ಮ ತಮ್ಮ ಲೋಟಗಳನ್ನು ಕೇಳಿ ತೆಗೆದುಕೊಂಡರು. ಕೊನೆಗೆ ಉಳಿದವರು ಯಜಮಾನರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, ರೇಡಿಯೇಟರಿನ ಕೆಳಗಿನ ರಬ್ಬರ್ ಪೈಪಿನ ಕ್ಲಿಪ್ಪಿಗೆ ಸ್ಕ್ರೂಡ್ರೈವರ್ ಇಟ್ಟು ಹಲ್ಲುಕಚ್ಚಿ ಇನ್ನೂ ಎರಡು ಸುತ್ತು ತಿರುಗಿಸಿದರು. “ಏನೇ ಆಗ್ಲಿ, ಬಿಗಿ ಇರಬೇಕು,” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಐದಕ್ಕೆ ಸ್ವಲ್ಪ ಮೊದಲು ಕನ್ನಡಕದವರು ದಲ್ಲಾಳಿಗೆ ಫೋನ್ ಮಾಡಿ ಕಾರಿನಲ್ಲಿ ಯಾವ ದೋಷವೂ ಇಲ್ಲ ಎಂದರು. ದಲ್ಲಾಳಿ, ಅದನ್ನು ಇನ್ನೊಂದು ಸಲ ಹೇಳಿ ಸಾರ್ ಎಂದು ಹೇಳಿಸಿಕೊಂಡ.

ಆ ಖುಷಿಗೆ ಯಾರನ್ನಾದರೂ ಒಂದು ಸುತ್ತು ಕರೆದೊಯ್ಯಬೇಕೆನಿಸಿತು. ಯಜಮಾನರು ಸೊಂಟನೋವು ಎಂದರು. ನರ್ಸಮ್ಮನ ಬಾಗಿಲು ತಟ್ಟಲು ಹೋದ ಕೈ, ಪಾಪ ಮಲಗಿರಬೇಕೆಂದು ಹಿಂದೆ ಬಂತು. ಮೇಷ್ಟ್ರು ಕಿಟಕಿಯಿಂದಲೇ, “ವಾರವೆಲ್ಲ ಪಕ್ಕದ ಸೀಟಲ್ಲಿ ಜೀವ ಕೈಲಿ ಹಿಡ್ಕೊಂಡು ಕೂರ್ತೀನಿ. ಭಾನುವಾರಾನೂ ಕೂರಿಸ್ತೀರಾ ಸಾರ್?” ಎಂದರು. ಕನ್ನಡಕದವರು ಒಬ್ಬರೇ ಹೋದರು. ಪಕ್ಕದ ಸೀಟಿನಲ್ಲಿ ಕೂಲಂಟ್ ಬಾಟಲಿ ಉರುಳಾಡುತ್ತಿತ್ತು. ಅದಕ್ಕೆ ಬೆಲ್ಟ್ ಹಾಕಿದರು.

ತಿರುಗಿ ಬಂದು ನಿಲ್ಲಿಸಿದಾಗ ಕತ್ತಲಾಗತೊಡಗಿತ್ತು. ತಂತಿಯ ಮೇಲೆ ಬಟ್ಟೆ ಇರಲಿಲ್ಲ, ಅಂಗಳದಲ್ಲಿ ಜನ ಇರಲಿಲ್ಲ. ಕನ್ನಡಕದವರು ಬಾಟಲಿ ನೋಡಿದರು. ಒಂದಿಷ್ಟು ಹೆಚ್ಚಿಗೆ ಹಾಕಿಬಿಟ್ಟರೆ? ನಾಳೆ ಬೆಳಿಗ್ಗೆ ನೆಲ ಒದ್ದೆಯಾಗಿದ್ದರೆ? ಛೆ ಎಂದು ನಾಚಿ ಬಾಟಲಿಯನ್ನು ಸೀಟಿನ ಕೆಳಗೆ ತಳ್ಳಿದರು.

ಇಳಿದು ಬಗ್ಗಿ ನೋಡಿದರೆ ನೆಲ ಆಗಲೇ ಒದ್ದೆ.

ಅವರು ಒಂದು ಹನಿಯನ್ನೂ ಹಾಕಿರಲಿಲ್ಲ. ಟಾರ್ಚ್ ಬಿಟ್ಟರು. ಯಜಮಾನರು ಬಿಗಿದ ಕ್ಲಿಪ್ಪು ಹಳೆಯ ರಬ್ಬರನ್ನು ಕಚ್ಚಿ ಸೀಳಿತ್ತು. ಸೀಳಿನಿಂದ ಹನಿ ಬೀಳುತ್ತಿತ್ತು, ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಗೂ ಕೆಳಗೆ ಹೋಗಿತ್ತು. ಇದು ನಿಜವಾದ ಲೀಕು. ನೆಂಟರು ಬಂದ ಸುದ್ದಿ ಹೇಳುವವರಂತೆ ಕನ್ನಡಕದವರು ಓಡಿದರು.

ಯಜಮಾನರು ಬಾಗಿಲು ತೆರೆಯದೆ ಒಳಗಿನಿಂದಲೇ, “ಮತ್ತೆ ಜಾಸ್ತಿ ಹಾಕಿದ್ರಾ?” ಎಂದರು. ಇಲ್ಲ, ಪೈಪು ಸೀಳಿದೆ ಎನ್ನುವಷ್ಟರಲ್ಲಿ ಟೀವಿಯ ಸದ್ದು ಏರಿತು. ಮೇಷ್ಟ್ರು ಕಿಟಕಿಯಿಂದ ಎರಡು ಬೆರಳು ತೋರಿಸಿ, “ಎರಡು ಗೆರೆ ಸಾರ್, ಎರಡು ಗೆರೆ,” ಎಂದು ಕಿಟಕಿ ಮುಚ್ಚಿದರು. ಮೆಕ್ಯಾನಿಕ್ ಫೋನಿನಲ್ಲಿ ನಕ್ಕ. ದಲ್ಲಾಳಿ ಫೋನ್ ಎತ್ತಲೇ ಇಲ್ಲ. ಪಾಳಿಗೆ ಹೊರಟಿದ್ದ ನರ್ಸಮ್ಮ ಮೆಟ್ಟಿಲಲ್ಲಿ ಸಿಕ್ಕರು. ಪೂರ್ತಿ ಕೇಳಲು ಅವರಿಗೆ ಪುರಸೊತ್ತಿರಲಿಲ್ಲ.

“ಗಾಬರಿ ಆಗ್ಬೇಡಿ ಸಾರ್. ಕಕ್ಕಿದ ಮೇಲೆ ತಾನೇ ಸರಿಹೋಗುತ್ತೆ,” ಎಂದು ಪ್ರೀತಿಯಿಂದಲೇ ಹೇಳಿ ಇಳಿದುಹೋದರು.

ಕನ್ನಡಕದವರು ಮೇಲೆ ಹೋಗಿ ಚಹಾ ಕಾಸಿದರು. ಅಭ್ಯಾಸವಿಲ್ಲದಿದ್ದರೂ ಕೈ ಎರಡು ಲೋಟ ಇಟ್ಟಿತ್ತು. ಒಂದಕ್ಕೆ ಚಹಾ ಸುರಿದು, ಎರಡನ್ನೂ ಹಿಡಿದು ಕೆಳಗಿಳಿದರು. ಖಾಲಿಯದನ್ನು ಹನಿ ಬೀಳುವ ಜಾಗಕ್ಕೆ ಸರಿಯಾಗಿ ಇಟ್ಟರು. ತಾವು ಪಕ್ಕದ ಮೆಟ್ಟಿಲ ಮೇಲೆ ಕೂತರು.

ಟಪ್ ಎಂದಿತು ಲೋಟ.

“ಹೌದೌದು,” ಎಂದರು ಕನ್ನಡಕದವರು.